ಮೈಕ್ ಹಿಡಿಯದವರ ಮುಂದಾಳತ್ವ



ಬರಹ ಸ್ವಲ್ಪ ಉದ್ದ ಇದೆ. ಪುರುಸೊತ್ತು ಇದ್ದವರು ಈಗ ಓದಿ, ಇಲ್ಲದವರು ಸೇವ್ ಮಾಡ್ಕೊಂಡು ರಾತ್ರಿ ಓದಿ. ಓದದೇ ಲೈಕ್ ಒತ್ತಬೇಡಿ, ದಯವಿಟ್ಟು.

ಇವತ್ತು ಮೇ 27. ರಮಾಬಾಯಿ ಅಂಬೇಡ್ಕರ್ ತೀರಿಕೊಂಡ ದಿನ. ಬೆಳಗ್ಗೆ ಆರು ಗಂಟೆಯಿಂದ ನನ್ನ ಫೋನಿನಲ್ಲಿ ರಮಾಯಿ ಫೋಟೋಗಳೇ ಬರ್ತಾ ಇವೆ. ಸಂತೋಷ. ಹತ್ತು ವರ್ಷದ ಹಿಂದೆ ನಮ್ಮ ತಾಲ್ಲೂಕಿನಲ್ಲಿ ಈ ದಿನ ಯಾವುದು ಅಂತ ಕೇಳಿದ್ರೆ ಮೂರು ಜನ ಹೇಳ್ತಿರಲಿಲ್ಲ. ಆದರೆ ಎಲ್ಲ ಫೋಟೋಗಳ ಕೆಳಗೂ ಅದೇ ಒಂದು ಮಾತು: ತ್ಯಾಗಮಯಿ, ಸಹನಾಮೂರ್ತಿ, ಬಾಬಾಸಾಹೇಬರ ಹಿಂದಿನ ಶಕ್ತಿ. ನನಗೆ ಈ "ಹಿಂದಿನ" ಅನ್ನೋ ಪದದ ಮೇಲೆ ತಕರಾರು ಇದೆ. ಆ ತಕರಾರು ಹೇಳೋಕೇ ಇಷ್ಟುದ್ದ ಬರೀತಾ ಇದ್ದೀನಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಹೋದ ಭಾನುವಾರ ನಮ್ಮ ಸಂಘಟನೆಯ ತಾಲ್ಲೂಕು ಸಭೆ ಇತ್ತು. ಮೂರು ತಾಸು ನಡೀತು. ಅದರಲ್ಲಿ ಎರಡು ತಾಸು ಮುಂದಿನ ಕಾರ್ಯಕ್ರಮದ ಫ್ಲೆಕ್ಸಿನಲ್ಲಿ ಯಾರ ಫೋಟೋ ದೊಡ್ಡದಿರಬೇಕು, ಯಾರ ಹೆಸರಿನ ಹಿಂದೆ ಸಂಚಾಲಕರು ಅಂತ ಹಾಕಬೇಕು ಅನ್ನೋದಕ್ಕೇ ಹೋಯ್ತು. ಇಬ್ಬರು ಎದ್ದು ಹೊರಗೆ ಹೋದರು. ಒಬ್ಬರು ಬೇರೆ ಬಣ ಕಟ್ತೀನಿ ಅಂದರು. ನಾನೂ ಕೂಗಾಡಿದೆ, ಸುಳ್ಳು ಹೇಳಲ್ಲ. ನಮಗೆಲ್ಲ ಚಿತ್ರಾನ್ನ ಮಾಡಿ ತಂದಿದ್ದ ಹೆಣ್ಣುಮಕ್ಕಳು ಬಾಗಿಲ ಹತ್ತಿರ ಪಾತ್ರೆ ಇಟ್ಕೊಂಡು ಕೂತಿದ್ದರು. ಅವರಲ್ಲಿ ಒಬ್ಬಾಕೆ ಕೇಳಿದಳು, "ಅಣ್ಣಾ, ನಾಯಕರು ಯಾರು ಅಂತ ಗೊತ್ತಾಯ್ತಾ? ಗೊತ್ತಾಗಿದ್ರೆ ಬಡಿಸ್ತೀನಿ, ಆರೋಗ್ತೈತೆ."

ಎಲ್ಲರೂ ನಕ್ಕರು. ನನಗೆ ಆ ನಗು ಗಂಟಲಲ್ಲೇ ಉಳೀತು.

ಈಗ ರಮಾಯಿ ವಿಷಯಕ್ಕೆ ಬರೋಣ.

ರಮಾಬಾಯಿ ಹುಟ್ಟಿದ್ದು 1898ರಲ್ಲಿ, ಕೊಂಕಣದ ದಾಪೋಲಿ ಹತ್ತಿರ ವಣಂದ್ ಅನ್ನೋ ಹಳ್ಳಿಯಲ್ಲಿ. ಅಪ್ಪ ದಾಭೋಳ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ ಕೂಲಿ. ಸಣ್ಣ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಬಂಧುಗಳ ಜೊತೆ ಮುಂಬಯಿಗೆ ಬಂದ ಹುಡುಗಿ. ಮದುವೆ ಆಗಿದ್ದು 1906ರ ಸುಮಾರಿಗೆ, ಬೈಕುಳಾದ ಮಾರುಕಟ್ಟೆಯಲ್ಲಿ. ಹಗಲು ವ್ಯಾಪಾರ ಮುಗಿದು ಖಾಲಿಯಾದ ಮೇಲೆ ರಾತ್ರಿ ಹೊತ್ತು ಆ ಚಪ್ಪರದ ಕೆಳಗೆ ಮದುವೆ. ಕಲ್ಯಾಣ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯೋ ನಮ್ಮ ನೌಕರ ಬಂಧುಗಳು ಇದನ್ನ ಒಂದು ಸಲ ನೆನೆಸ್ಕೊಳ್ಳಲಿ. ಇದು ಪಕ್ಕದ ಮಾತು, ಬಿಡಿ.

ಗಂಡ 1913ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿಂದ ಲಂಡನ್ನು. 1917ರಲ್ಲಿ ಬಂದರು. ಮತ್ತೆ 1920ರಲ್ಲಿ ಲಂಡನ್ನಿಗೆ, 1923ರವರೆಗೆ. ಕೊಲಂಬಿಯಾ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಗ್ರೇಸ್ ಇನ್ ಅಂತ ನಾವು ಭಾಷಣದಲ್ಲಿ ಎದೆ ಉಬ್ಬಿಸಿ ಹೇಳ್ತೀವಲ್ಲ, ಆ ಒಂದೊಂದು ವರ್ಷಕ್ಕೂ ಮುಂಬಯಿಯ ಪರೇಲಿನ ಚಾಳಿನಲ್ಲಿ ಇನ್ನೊಂದು ಲೆಕ್ಕ ನಡೀತಿತ್ತು. ರಮಾಯಿ ಬೆರಣಿ ತಟ್ಟಿ ಮಾರಿ ಮನೆ ನಡೆಸಿದರು ಅಂತ ನಮ್ಮ ಜನ ತಲೆಮಾರಿನಿಂದ ಹೇಳ್ತಾ ಬಂದಿದ್ದಾರೆ. ಐದು ಮಕ್ಕಳಲ್ಲಿ ನಾಲ್ಕು ಮಕ್ಕಳು ಹೋದವು. ಗಂಗಾಧರ, ರಮೇಶ, ಇಂದು, ಕೊನೆಗೆ ರಾಜರತ್ನ. ಉಳಿದದ್ದು ಯಶವಂತ ಒಬ್ಬನೇ. ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20. ಈ ಎರಡು ತಾರೀಕುಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ವರ್ಷವೂ ತುಂಬಿಲ್ಲ. ಮಗುವನ್ನ ಮಣ್ಣಿಗೆ ಕೊಟ್ಟ ಮನೆಯಿಂದ ಒಬ್ಬ ಮನುಷ್ಯ ಸಾವಿರಾರು ಜನರನ್ನ ಕರ್ಕೊಂಡು ಕೆರೆಗೆ ಇಳೀಬೇಕು ಅಂದರೆ ಆ ಮನೆಯಲ್ಲಿ ಯಾರೋ ಕಂಬದ ಥರ ನಿಂತಿರಬೇಕು.

ಇದನ್ನ ನಾನು ಭಾವುಕನಾಗಿ ಹೇಳ್ತಿಲ್ಲ. ಬಾಬಾಸಾಹೇಬರೇ ಬರೆದಿದ್ದಾರೆ. 1940ರ ಕೊನೆಗೆ ಬಂದ ಅವರ ಪಾಕಿಸ್ತಾನದ ಕುರಿತ ಪುಸ್ತಕವನ್ನ ಅರ್ಪಿಸಿರೋದು "ರಾಮು"ಗೆ. ಆಕೆ ತೀರಿಕೊಂಡು ಐದು ವರ್ಷ ಆದ ಮೇಲೆ. ಆ ಅರ್ಪಣೆಯಲ್ಲಿ ಆಕೆಯ ಒಳ್ಳೆಯತನವನ್ನ ಹೇಳಿ ಸುಮ್ಮನಾಗಿಲ್ಲ. ಕೈಯಲ್ಲಿ ಕಾಸಿಲ್ಲದೆ, ಜೊತೆಗೆ ಸ್ನೇಹಿತರೂ ಇಲ್ಲದ ದಿನಗಳಲ್ಲಿ ಆಕೆ ತೋರಿಸಿದ ತಣ್ಣನೆಯ ಗಟ್ಟಿತನವನ್ನ ನೆನೆದಿದ್ದಾರೆ. ಅಳುಬುರುಕ ತ್ಯಾಗ ಅಲ್ಲ ಅದು. ಗಟ್ಟಿತನ. ಬಾಬಾಸಾಹೇಬರು ಪದಗಳನ್ನ ಸುಮ್ಮಸುಮ್ಮನೆ ಖರ್ಚು ಮಾಡುವವರಲ್ಲ ಅನ್ನೋದು ಅವರ ಬರಹ ಓದಿದವರಿಗೆ ಗೊತ್ತು.

ನಮ್ಮ ಕರ್ನಾಟಕದ ಕಥೆಯೂ ಒಂದಿದೆ. ಧಾರವಾಡದಲ್ಲಿ ಬಾಬಾಸಾಹೇಬರು ಅಸ್ಪೃಶ್ಯ ಮಕ್ಕಳಿಗೆ ಒಂದು ವಸತಿನಿಲಯ ತೆರೆದಿದ್ದರು. ಅದನ್ನ ನೋಡಿಕೊಳ್ಳುತ್ತಿದ್ದವರು ಬಲವಂತರಾವ್ ವರಾಳೆ. ರಮಾಯಿ ಕೆಲವು ದಿನ ಧಾರವಾಡಕ್ಕೆ ಬಂದು ವರಾಳೆ ಅವರ ಮನೆಯಲ್ಲಿ ಉಳಿದಿದ್ದರು. ಆಟ ಆಡೋ ಮಕ್ಕಳು ಅವತ್ತು ಅಂಗಳಕ್ಕೆ ಬರಲಿಲ್ಲವಂತೆ. ಯಾಕೆ ಅಂತ ಕೇಳಿದರೆ, ಅನುದಾನ ಬಂದಿಲ್ಲ, ದಿನಸಿ ಮುಗಿದಿದೆ, ಮಕ್ಕಳು ಉಪವಾಸ ಇದ್ದಾರೆ. ಆಯಮ್ಮ ಒಳಗೆ ಹೋಗಿ ತನ್ನ ಚಿನ್ನದ ಬಳೆಗಳನ್ನ ತಂದು ವರಾಳೆಯವರ ಕೈಗೆ ಕೊಟ್ಟು, ಅಡ ಇಡ್ರೀ, ಇಲ್ಲ ಮಾರ್ರೀ, ಮೊದಲು ಅಕ್ಕಿ ತನ್ರೀ ಅಂದರಂತೆ. ಆ ಮಕ್ಕಳೇ ಆಕೆಯನ್ನ ರಮಾಯಿ ಅಂತ ಕರೆದರು ಅಂತ ಧಾರವಾಡದ ಕಡೆಯ ಹಿರಿಯರು ಹೇಳ್ತಾರೆ. ಆಯಿ ಅಂದರೆ ತಾಯಿ.

ಅಲ್ಲಿ ಯಾವ ಸಭೆ ಇತ್ತು? ಯಾವ ಠರಾವು ಆಯ್ತು? ಯಾರ ಅನುಮತಿ ಕೇಳಿದರು? ಹಸಿವು ಕಂಡಿತು, ಕೈಯಲ್ಲಿ ಬಳೆ ಇತ್ತು, ತೀರ್ಮಾನ ಆಯ್ತು. ಬಾಬಾಸಾಹೇಬರು ಆ ಹೊತ್ತಿಗೆ ಪಕ್ಕದಲ್ಲಿ ಇರಲೂ ಇಲ್ಲ. ಹಾಗಾದರೆ ಆಕೆ ಯಾರ ಹಿಂದೆ ನಿಂತಿದ್ದರು, ಸ್ವಾಮಿ? ಆ ಅಂಗಳದಲ್ಲಿ ಮುಂದೆ ಇದ್ದವರೇ ಆಕೆ.

ಇನ್ನು ನಂಬಿಕೆಯ ವಿಷಯ. ಇಲ್ಲಿ ನಮ್ಮ ವಿಚಾರವಾದಿ ಗೆಳೆಯರು ಸ್ವಲ್ಪ ಸಮಾಧಾನವಾಗಿ ಓದಬೇಕು.

ರಮಾಯಿಗೆ ಪಂಢರಪುರಕ್ಕೆ ಹೋಗಿ ವಿಠ್ಠಲನನ್ನ ನೋಡುವ ಆಸೆ ಇತ್ತು. ನಮ್ಮವರಿಗೆ ಒಳಗೆ ಬಿಡೋದಿಲ್ಲ ಅಂತ ಆಕೆಗೆ ಗೊತ್ತಿತ್ತು. ಚೋಖಾಮೇಳನ ಸಮಾಧಿ ಕೂಡ ಆ ಗುಡಿಯ ಮೆಟ್ಟಿಲ ಹೊರಗೇ ಇರೋದು. ದೂರದಿಂದಲಾದರೂ ನಿಂತು ಕೈಮುಗಿದು ಬರ್ತೀನಿ ಅನ್ನೋದು ಆಕೆಯ ಆಸೆ. (ವಿಠ್ಠಲ ನಮ್ಮ ಕನ್ನಡದವನೇ ಅಂತ ಬೇರೆ ಹೇಳ್ತಾರೆ. ನಮ್ಮವನೇ ಆಗಿದ್ರೂ ನಮ್ಮನ್ನ ಒಳಗೆ ಬಿಡಿಸಲಿಲ್ಲ ನೋಡಿ!) ಬಾಬಾಸಾಹೇಬರು ಒಪ್ಪಲಿಲ್ಲ. ಭಕ್ತರನ್ನ ಹೊರಗೆ ನಿಲ್ಲಿಸುವ ಆ ಪಂಢರಪುರ ನಮಗೆ ಯಾಕೆ, ನಮ್ಮ ಜನರ ಸೇವೆಯಿಂದ ಇನ್ನೊಂದು ಪಂಢರಪುರವನ್ನೇ ಕಟ್ಟೋಣ ಅಂತ ಸಮಾಧಾನ ಹೇಳಿದರು. 1935ರ ಮೇ ತಿಂಗಳಲ್ಲಿ ರಮಾಯಿ ದಾದರಿನ ರಾಜಗೃಹದಲ್ಲಿ ಕಣ್ಣು ಮುಚ್ಚಿದರು. ಅದೇ ವರ್ಷ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯೋದಿಲ್ಲ ಅನ್ನೋ ಘೋಷಣೆ. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ. ಇಪ್ಪತ್ತೊಂದು ವರ್ಷ! ನಾವು ಒಂದು ಮನವಿ ಕೊಟ್ಟು ಇಪ್ಪತ್ತೊಂದು ದಿನ ಕಾಯೋಕಾಗದೆ ಬೇರೆ ಬಣಕ್ಕೆ ಹೋಗ್ತೀವಿ.

ರಮಾಯಿ ದೀಕ್ಷೆ ನೋಡಲಿಲ್ಲ. ಪಂಢರಪುರವನ್ನೂ ನೋಡಲಿಲ್ಲ. ಮಹಾಡ್ ಕೆರೆಯ ಕೇಸಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿದ್ದು 1937ರ ಮಾರ್ಚಿನಲ್ಲಿ. ಅದನ್ನೂ ನೋಡಲಿಲ್ಲ. ಆದರೂ ಇದು ಆಗುತ್ತೆ ಅಂತ ನಂಬಿ ಒಲೆ ಉರಿಸಿದಾಕೆ. ಆಕೆಯ ವಿಠ್ಠಲಭಕ್ತಿಯನ್ನ ಒಂದು ತಪ್ಪು ಅನ್ನೋ ಥರ ಮುಚ್ಚಿಟ್ಟು ಮಾತಾಡುವ ಭಾಷಣಕಾರರು ನನಗೆ ಗೊತ್ತು. ನಾನೂ ಹಾಗೆ ಮಾತಾಡಿದ್ದೆ.

ಮಾತಾಡಿದ್ದೆ ಅಂತ ಯಾಕೆ ಅಂದೆ ಅಂದ್ರೆ, ನನ್ನ ದೊಡ್ಡವ್ವನ ಕಥೆ ಹೇಳಬೇಕು. ನಮ್ಮವ್ವನ ಅಕ್ಕ. ಹೆಸರು, ಊರು ಹಾಕೋದಿಲ್ಲ, ಆಕೆಗೆ ಇಷ್ಟ ಇಲ್ಲ. ತಾಲ್ಲೂಕು ಕೇಂದ್ರದಿಂದ ಹದಿನಾಲ್ಕು ಕಿಲೋಮೀಟರು ದೂರದ ಹಳ್ಳಿ ಅಂತ ಇಟ್ಕೊಳ್ಳಿ.

ಆಕೆಗೆ ಊರಿನ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳ ಕೆಲಸ ಸಿಕ್ಕಿತು. ಯಾರ ದಾನವೂ ಅಲ್ಲ ಅದು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು ಅಂತ ಸುಪ್ರೀಂ ಕೋರ್ಟು 2001ರಲ್ಲಿ ಆದೇಶ ಮಾಡಿತು. 2004ರ ಏಪ್ರಿಲ್‌ನಲ್ಲಿ, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತಲೂ ಹೇಳಿತು. ಈ ಎರಡನೇ ಆದೇಶ ನಮ್ಮಲ್ಲಿ ಎಷ್ಟೋ ಕಾರ್ಯಕರ್ತರಿಗೆ ಗೊತ್ತಿಲ್ಲ, ತಿಳ್ಕೊಳ್ಳಿ. ನಮ್ಮ ದೊಡ್ಡವ್ವನಿಗೂ ಗೊತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಅಡುಗೆ.

ಜೂನ್ ತಿಂಗಳು. ಮೊದಲ ದಿನ ಅರವತ್ತನಾಲ್ಕು ಮಕ್ಕಳಿಗೆ ಅನ್ನ ಸಾರು ಮಾಡಿದಳು. ಉಂಡದ್ದು ಹತ್ತೊಂಬತ್ತು ಮಕ್ಕಳು, ನಮ್ಮ ಕೇರಿಯವು. ಉಳಿದವು ತಟ್ಟೆ ಮುಟ್ಟಲಿಲ್ಲ. ಕೆಲವು ಮಕ್ಕಳು ಮನೆಗೆ ಓಡಿದವು, ಕೆಲವು ಬ್ಯಾಗಿನಿಂದ ರೊಟ್ಟಿ ತೆಗೆದವು. ಎರಡನೇ ದಿನವೂ ಅದೇ. ಮೂರನೇ ದಿನ ಸುದ್ದಿ ನನಗೆ ಬಂತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಾನು, ನಮ್ಮ ಸಂಘಟನೆಯ ಎಂಟು ಜನ, ನಾಲ್ಕು ಬೈಕಿನಲ್ಲಿ ಹೋದೆವು. ನೀಲಿ ಶಾಲು, ಘೋಷಣೆ, ಎಲ್ಲ ಜೋರಾಗಿತ್ತು.

ದೊಡ್ಡವ್ವ ಒಲೆ ಮುಂದೆ ಕೂತು ಬೇಳೆ ಆರಿಸ್ತಾ ಇದ್ದಳು. ನಮ್ಮನ್ನ ನೋಡಿ, "ಬನ್ರಪ್ಪ, ನೀರು ಕುಡೀರಿ" ಅಂದಳು. ಮತ್ತೆ ಬೇಳೆ ಆರಿಸಿದಳು.

ನಾನು ಗುಮಾಸ್ತ. ಅರ್ಜಿ ಬರೆಯೋದು ನನ್ನ ಕಸುಬು. ಅಲ್ಲೇ ಶಾಲೆ ಜಗಲಿ ಮೇಲೆ ಕೂತು ದೌರ್ಜನ್ಯ ತಡೆ ಕಾಯ್ದೆ ಅಡಿಯಲ್ಲಿ ಎರಡು ಪುಟದ ದೂರು ಬರೆದೆ. ಚೆನ್ನಾಗಿ ಬಂದಿತ್ತು, ನಾನೇ ಹೇಳಬೇಕು. ಹೆಬ್ಬೆಟ್ಟು ಒತ್ತು ಅಂದೆ. ಆಕೆ ಓದಿಸಿ ಕೇಳಿದಳು. ಎಲ್ಲ ಕೇಳಿ, "ಬರೆದಿದ್ದು ಸರಿಯಾಗೈತೆ ಕಣಪ್ಪ. ಹರೀಬ್ಯಾಡ, ಜೋಬಲ್ಲಿ ಇಟ್ಕೊ. ಇನ್ನೊಂದಷ್ಟು ದಿನ ನೋಡಾಣ" ಅಂದಳು.

ನನಗೆ ತಲೆ ಕೆಟ್ಟಿತು. ಇಂಥವರಿಂದಲೇ ನಮ್ಮ ಜನ ಉದ್ಧಾರ ಆಗ್ತಿಲ್ಲ ಅಂತ ಆಕೆಯ ಮುಂದೇನೇ ಅಂದೆ. ಅಷ್ಟೇ ಅಲ್ಲ, ಆಕೆಯ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕ ಮಾರಮ್ಮನ ಫೋಟೋ ಇತ್ತು, ಎರಡಕ್ಕೂ ಒಂದೇ ದೀಪ. ಅದನ್ನೂ ಎತ್ತಿ ಆಡಿದೆ. ಇಪ್ಪತ್ತೆರಡು ಪ್ರತಿಜ್ಞೆ ಗೊತ್ತಾ ನಿನಗೆ, ಈ ಗುಲಾಮಗಿರಿ ನಂಬಿಕೆ ಬಿಡೋ ತನಕ ಧೈರ್ಯ ಬರಲ್ಲ ಅಂದೆ. ಅರವತ್ತು ದಾಟಿದ ಹೆಂಗಸಿಗೆ, ಎಂಟು ಜನರ ಮುಂದೆ. ಆಕೆ ಉತ್ತರ ಕೊಡಲಿಲ್ಲ. ಅನ್ನ ಬಸಿಯೋಕೆ ಎದ್ದಳು.

ಐದನೇ ದಿನ ಅಧಿಕಾರಿಗಳು ಬಂದರು. ಶಾಂತಿ ಸಭೆ. ನಿಮಗೆಲ್ಲ ಗೊತ್ತಲ್ಲ ಶಾಂತಿ ಸಭೆ ಅಂದ್ರೆ ಏನು. ಎರಡೂ ಕಡೆಯವರು ಹೊಂದಿಕೊಂಡು ಹೋಗಿ ಅಂತ ನಮಗೆ ಮಾತ್ರ ಹೇಳೋದು. ಅವರ ಸಲಹೆ ಏನಂದರೆ, ಅಡುಗೆಗೆ ಬೇರೆಯವರನ್ನ ಹಾಕೋಣ, ಈಯಮ್ಮ ತರಕಾರಿ ಹೆಚ್ಚಿ ಪಾತ್ರೆ ತೊಳೀಲಿ, ಗೌರವಧನ ಅಷ್ಟೇ ಕೊಡ್ತೀವಿ. ಸಂಬಳ ಕಡಿಮೆ ಆಗಲ್ಲ ಅಂದಾಗ ನಮ್ಮವರೇ ಇಬ್ಬರು ಪರವಾಗಿಲ್ಲ ಅನ್ನೋ ಹಾಗೆ ಮುಖ ನೋಡಿದರು. ದೊಡ್ಡವ್ವ ಅವತ್ತು ಒಂದೇ ಮಾತು ಆಡಿದ್ದು. "ಆದೇಶದಾಗೆ ಅಡುಗೆಯವಳು ಅಂತ ಐತೆ ಸಾರ್. ಅಡುಗೇನೇ ಮಾಡ್ತೀನಿ." ಅಷ್ಟೇ. ದನಿ ಏರಿಸಲಿಲ್ಲ. ಸೆರಗು ಸರಿ ಮಾಡ್ಕೊಂಡು ಕೂತಳು.

ಮೇಷ್ಟ್ರು ಇನ್ನೊಂದು ದಾರಿ ಹೇಳಿದರು. ಹತ್ತೊಂಬತ್ತು ಜನಕ್ಕೆ ಮಾತ್ರ ಮಾಡಮ್ಮ, ದಿನಸಿ ಯಾಕೆ ದಂಡ. ಲೆಕ್ಕದ ಪ್ರಕಾರ ಅವರ ಮಾತೂ ತಪ್ಪಲ್ಲ. ಆಕೆ ಕೇಳಿದ್ದು: "ಇವತ್ತು ಹಾಜರಿ ಎಷ್ಟು ಸಾ?" ಅರವತ್ತೊಂದು. "ಅರವತ್ತೊಂದಕ್ಕೇ ಬೇಯಿಸ್ತೀನಿ. ಮಗ ಬಂದು ತಟ್ಟೆ ಹಿಡಿದಾಗ ಅನ್ನ ಇಲ್ಲ ಅಂದ್ರೆ ತಪ್ಪು ನಂದಾಗ್ತದೆ."

ನೋಡಿ, ನಾನು ನಂಬಿಕೆ ಅಂದರೆ ಮಾರಮ್ಮನ ಫೋಟೋ ಅಂದ್ಕೊಂಡಿದ್ದೆ. ದಿನಾ ನಲವತ್ತು ತಟ್ಟೆ ಅನ್ನ ಮುಟ್ಟದೆ ಉಳಿಯುತ್ತೆ ಅಂತ ಕಣ್ಣಾರೆ ನೋಡಿಯೂ ಮರುದಿನ ಬೆಳಗ್ಗೆ ಅಷ್ಟೂ ಅಕ್ಕಿ ಅಳೆದು ತೊಳೆಯೋದು ಎಂಥ ನಂಬಿಕೆ ಅಂತ ನನಗೆ ಅವತ್ತು ಕಾಣಿಸಲಿಲ್ಲ. ಉಳಿದ ಅನ್ನವನ್ನ ಕೇರಿಯ ಮುದುಕರಿಗೆ, ದನಕ್ಕೆ ಹಂಚೋಳು. ತಟ್ಟೆಗಳನ್ನ ಮಾತ್ರ ದಿನಾ ಅರವತ್ತನ್ನೂ ತೊಳೆದು ಸಾಲಾಗಿ ಜೋಡಿಸೋಳು.

ಹನ್ನೆರಡನೇ ದಿನ ಎರಡನೇ ಕ್ಲಾಸಿನ ಒಂದು ಹುಡುಗಿ ಬಂದು ಸಾಲಿನಲ್ಲಿ ಕೂತಿತು. ಊರಿನೋರ ಮನೆ ಮಗು. ಮನೆಯಲ್ಲಿ ಅಪ್ಪ ಅಮ್ಮ ಕೂಲಿಗೆ ಹೋಗಿದ್ದರು, ಬುತ್ತಿ ಕಟ್ಟಿರಲಿಲ್ಲ, ಹೊಟ್ಟೆ ಹಸಿದಿತ್ತು, ಅಷ್ಟೇ. ದೊಡ್ಡವ್ವ ಆ ಮಗುವಿಗೆ ಬೇರೆ ಮಕ್ಕಳಿಗೆ ಬಡಿಸಿದ ಹಾಗೇ ಬಡಿಸಿದಳಂತೆ. ಒಂದು ಸೌಟು ಜಾಸ್ತಿನೂ ಇಲ್ಲ, ಕಡಿಮೆನೂ ಇಲ್ಲ. ಮುಖದಲ್ಲಿ ಏನನ್ನೂ ತೋರಿಸಲಿಲ್ಲ ಅಂತ ಸಹಾಯಕಿ ಆಮೇಲೆ ಹೇಳಿದಳು. ಮಾರನೇ ದಿನ ನಾಲ್ಕು ಮಕ್ಕಳು. ಆ ವಾರ ಕಳೆಯೋ ಹೊತ್ತಿಗೆ ನಲವತ್ತು ದಾಟಿತು. ಇಬ್ಬರು ಮನೆಯವರು ಮಾತ್ರ ಮಕ್ಕಳ ಟೀಸಿ ತಗೊಂಡು ಪಟ್ಟಣದ ಕಾನ್ವೆಂಟಿಗೆ ಹಾಕಿದರು. ಅವು ವಾಪಸ್ ಬರಲೇ ಇಲ್ಲ. ಎಲ್ಲರೂ ಬದಲಾದರು ಅಂತ ಸಿನಿಮಾ ಕಥೆ ಹೇಳೋದಿಲ್ಲ ನಾನು.

ನನ್ನ ಜೋಬಿನಲ್ಲಿದ್ದ ದೂರಿನ ವಿಷಯ ಊರಿಗೆಲ್ಲ ಗೊತ್ತಿತ್ತು ಅನ್ನೋದನ್ನೂ ಹೇಳಬೇಕು. ಕಾಯ್ದೆಯ ಭಯ ಇಲ್ಲದೇ ಇದ್ದಿದ್ದರೆ ಆ ಒಲೆಯನ್ನ ಮೊದಲ ವಾರದಲ್ಲೇ ಆರಿಸಿಬಿಡುತ್ತಿದ್ದರು. ಆಕೆ ಹರೀಬ್ಯಾಡ ಅಂದಿದ್ದು ಸುಮ್ಮನೆ ಅಲ್ಲ. ಶಾಂತವಾಗಿ ಇದ್ದಳು ಅಂದರೆ ಪೆದ್ದಿಯಾಗಿದ್ದಳು ಅಂತಲ್ಲ. ಯಾವುದನ್ನ ಯಾವಾಗ ತೆಗೀಬೇಕು ಅನ್ನೋ ಲೆಕ್ಕ ಆಕೆಯ ಹತ್ತಿರ ಇತ್ತು. ಎರಡು ಪುಟ ಬರೆದ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ನಾನು ಏನು ಮಾಡಿದೆ ಗೊತ್ತಾ? ಪಟ್ಟಣದಲ್ಲಿ ನಡೆದ ಕಾರ್ಯಕ್ರಮದಲ್ಲಿ ಮೈಕ್ ಹಿಡಿದು, ನಮ್ಮ ಸಂಘಟನೆಯ ಹೋರಾಟದ ಫಲವಾಗಿ ಇಂಥ ಊರಿನಲ್ಲಿ ಜಯ ಸಿಕ್ಕಿತು ಅಂತ ಹೇಳಿದೆ. ಚಪ್ಪಾಳೆ ಬಿತ್ತು. ದೊಡ್ಡವ್ವನ ಫೋಟೋ ಬೇಕು ಅಂತ ಹೋದಾಗ ಆಕೆ ಕೊಡಲಿಲ್ಲ. ಅದಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದೆ. ಇವತ್ತು ಇಲ್ಲಿ ಬರೆದು ಒಪ್ಕೊಳ್ತಾ ಇದ್ದೀನಿ.

ಮಹಾಡಿನಲ್ಲೂ ಇದೇ ಪಾಠ ಇದೆ, ನಾವು ಅದನ್ನ ಬೇಗ ದಾಟಿ ಹೋಗ್ತೀವಿ. ನೀರು ಕುಡಿದು ಬಂದ ಮೇಲೆ ಅವತ್ತು ಏನಾಯ್ತು? ಇವರು ವೀರೇಶ್ವರ ಗುಡಿಗೂ ನುಗ್ತಾರೆ ಅಂತ ಪುಕಾರು ಎಬ್ಬಿಸಿದರು. ಚಪ್ಪರದಲ್ಲಿ ಊಟಕ್ಕೆ ಕೂತವರ ಮೇಲೆ ದೊಣ್ಣೆ ಬಿದ್ದವು, ಅನ್ನ ಮಣ್ಣುಪಾಲಾಯ್ತು. ನಮ್ಮವರಲ್ಲಿ ಸೈನ್ಯದಲ್ಲಿ ದುಡಿದು ಬಂದವರು ಇದ್ದರು. ತಿರುಗಿ ಹೊಡೆಯೋ ಶಕ್ತಿ ಇತ್ತು. ಅಪ್ಪಣೆಗೆ ಕಾಯ್ತಾ ನಿಂತಿದ್ದರು. ಬಾಬಾಸಾಹೇಬರಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಅಪ್ಪಣೆ ಕೊಡಲಿಲ್ಲ. ಆಮೇಲೆ ಕೋರ್ಟಿಗೆ ಹೋದರು, ಹಲ್ಲೆ ಮಾಡಿದವರಿಗೆ ಶಿಕ್ಷೆ ಆಯಿತು. ಡಿಸೆಂಬರಿನಲ್ಲಿ ಮತ್ತೆ ಮಹಾಡಿಗೆ ಬಂದು 25ನೇ ತಾರೀಕು ಮನುಸ್ಮೃತಿ ಸುಟ್ಟರು. ಅವತ್ತು ಕೆರೆಗೆ ಇಳಿಯೋಕೆ ಕೋರ್ಟಿನ ತಡೆ ಇತ್ತು, ಜನ ಸಿದ್ಧವಾಗಿದ್ದರೂ ಇಳಿಯದೆ ಬಂದರು. ಹತ್ತು ವರ್ಷ ಕೇಸು ನಡೆಸಿ ಗೆದ್ದರು. ಹೊಡೆಯೋ ತಾಕತ್ತು ಇದ್ದ ಜನರನ್ನ ಹೊಡೆಯದೇ ನಿಲ್ಲಿಸೋದು, ಅದೂ ಅವರ ಸ್ವಾಭಿಮಾನ ಮುರಿಯದ ಹಾಗೆ! ನಿಮ್ಮ ನಿಮ್ಮ ಸಂಘಟನೆಯಲ್ಲಿ ಹತ್ತು ಹುಡುಗರನ್ನ ಹಾಗೆ ನಿಲ್ಲಿಸಿ ನೋಡಿ, ಗೊತ್ತಾಗುತ್ತೆ.

ಇಲ್ಲಿ ಒಂದು ಅಪಾಯ ಇದೆ. ಶಾಂತವಾಗಿರೋ ದಲಿತರು ಅಂದರೆ ಮೇಲ್ಜಾತಿಯವರಿಗೆ ಬಹಳ ಪ್ರೀತಿ. ನಿಮ್ಮವರು ಎಷ್ಟು ಒಳ್ಳೆಯವರು, ಮಾತೇ ಆಡಲ್ಲ ಅಂತ ಹೊಗಳ್ತಾರೆ. ನಾನು ಬರೆದಿದ್ದನ್ನ ಯಾರಾದರೂ ಶೇರ್ ಮಾಡಿ, ನೋಡಿ, ಹೋರಾಟ ಬೇಡ, ತಾಳ್ಮೆ ಸಾಕು ಅಂತ ಬರೆದರೆ ಅವರನ್ನ ಬ್ಲಾಕ್ ಮಾಡ್ತೀನಿ, ಮೊದಲೇ ಹೇಳಿದ್ದೀನಿ.

ಸುಮ್ಮನಿರೋದರಲ್ಲಿ ಎರಡು ಜಾತಿ ಇದೆ, ಎರಡೂ ನನಗೆ ಸ್ವಂತ ಅನುಭವ. ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಹಂಚ್ಕೊಂಡು ಉಣ್ಣೋರು. ನನ್ನ ಡಬ್ಬಿಗೆ ಯಾರೂ ಕೈ ಹಾಕ್ತಿರಲಿಲ್ಲ. ಇವತ್ತು ಹೊಟ್ಟೆ ಸರಿ ಇಲ್ಲ, ಇವತ್ತು ಸೋಮವಾರ, ಇವತ್ತು ಇನ್ನೇನೋ. ಏಳು ವರ್ಷ ನಾನು ಬಾಯಿ ಬಿಡಲಿಲ್ಲ. ಕಡೆಕಡೆಗೆ ಹೊರಗೆ ಹೋಟೆಲಿನಲ್ಲಿ ಉಂಡು ಬರ್ತಿದ್ದೆ. ಊರೂರಲ್ಲಿ ಭಾಷಣ ಮಾಡೋನು, ಆಫೀಸಿನಲ್ಲಿ ಮೂಕ. ಅದು ಶಾಂತಿ ಅಲ್ಲ, ಹೆದರಿಕೆ. ಪ್ರೊಬೇಷನ್ನಿನ ಹೆದರಿಕೆ, ವರ್ಗಾವಣೆ ಹೆದರಿಕೆ, ಮುಖ ನೋಡೋ ಹೆದರಿಕೆ. ಅದರಿಂದ ಅವರಿಗೆ ಅನುಕೂಲ ಆಯ್ತು. ದೊಡ್ಡವ್ವನ ಮೌನದಿಂದ ಅವರಿಗೆ ದಿನಾ ಮುಜುಗರ ಆಗ್ತಿತ್ತು. ಅರವತ್ತು ತಟ್ಟೆ ಸಾಲಾಗಿ ಕಾಯ್ತಾ ಇದ್ದವಲ್ಲ, ಅವು ಅಲ್ಲಿ ದಿನಾ ಏನೋ ಕೇಳ್ತಾ ಇದ್ದವು.

ಇದರ ಬೆಲೆಯನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮತ್ತೆ "ಸಹನಾಮೂರ್ತಿ" ಬೋರ್ಡು ಹಾಕ್ತೀರ. ಆ ಹನ್ನೆರಡು ದಿನ ದೊಡ್ಡವ್ವ ರಾತ್ರಿ ನಿದ್ದೆ ಮಾಡಿಲ್ಲ ಅಂತ ಆಕೆಯ ಮಗಳು ಬಹಳ ವರ್ಷದ ಮೇಲೆ ನನಗೆ ಹೇಳಿದಳು. ಗೋಡೆ ಕಡೆ ಮುಖ ಮಾಡಿ ಅಳೋಳಂತೆ. ಬೆಳಗ್ಗೆ ಎದ್ದು ತಲೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೋಗೋಳಂತೆ. ಬೀಪಿ ಮಾತ್ರೆ ಶುರುವಾಗಿದ್ದು ಆ ವರ್ಷವೇ. ಗಟ್ಟಿಯಾಗಿರೋದು ಅಂದರೆ ನೋವು ಇಲ್ಲ ಅಂತಲ್ಲ. ಸಾವಿತ್ರಿಬಾಯಿ ಫುಲೆ ಪುಣೆಯ ಬೀದಿಯಲ್ಲಿ ಸೆಗಣಿ ಎರಚಿಸಿಕೊಂಡು, ಶಾಲೆಯಲ್ಲಿ ಬದಲಿಸೋಕೆ ಇನ್ನೊಂದು ಸೀರೆ ಇಟ್ಕೊಂಡು ಹೋಗ್ತಿದ್ದರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಸೆಗಣಿ ಬಿದ್ದ ಆ ಸೀರೆಯನ್ನ ಸಂಜೆ ಮನೆಗೆ ಬಂದು ಒಗೆಯುವಾಗ ಅವರಿಗೆ ಏನನ್ನಿಸಿರಬಹುದು ಅಂತ ಯಾರೂ ಹೇಳಲ್ಲ. ಹಾಗಾಗಿ ನಮ್ಮ ಹೆಣ್ಣುಮಕ್ಕಳೇ ಸದಾ ಸಹಿಸಲಿ, ನಾವು ಮೈಕಿನಲ್ಲಿ ವರ್ಣಿಸ್ತೀವಿ ಅನ್ನೋ ಹಂಚಿಕೆಯನ್ನ ನಾನು ಒಪ್ಪೋದಿಲ್ಲ. ಆಕೆ ಸಹಿಸಿದ್ದು ಮುಂದಾಳತ್ವ ಅಂತಾದರೆ ತೀರ್ಮಾನ ಮಾಡೋ ಜಾಗದಲ್ಲಿ ಆಕೆಗೆ ಕುರ್ಚಿ ಬೇಕು. ಚಿತ್ರಾನ್ನದ ಪಾತ್ರೆ ಪಕ್ಕದ ಬಾಗಿಲು ಅಲ್ಲ.

ಮುಂದಿನ ತಿಂಗಳ ಸಭೆಗೆ ನನ್ನದು ಮೂರು ಸಲಹೆ, ಬರೆದೇ ಕೊಡ್ತೀನಿ. ಫ್ಲೆಕ್ಸಿನಲ್ಲಿ ಬದುಕಿರೋ ಯಾರ ಫೋಟೋನೂ ಬೇಡ, ನಂದೂ ಸೇರಿ. ತಾಲ್ಲೂಕು ಸಮಿತಿಯಲ್ಲಿ ಅರ್ಧ ಜನ ಹೆಣ್ಣುಮಕ್ಕಳು, ಅದರಲ್ಲಿ ಬಿಸಿಯೂಟದವರು, ಪೌರಕಾರ್ಮಿಕರು, ಆಶಾದವರು ಇರಲೇಬೇಕು. ಮತ್ತೆ ಅಡುಗೆ ಸರದಿ ಗಂಡಸರಿಗೆ. ಮೊದಲ ಸರದಿ ನಂದು, ಉಪ್ಪು ಹೆಚ್ಚುಕಮ್ಮಿ ಆದ್ರೆ ಅನುಸರಿಸ್ಕೊಳ್ಳಿ. ಇದಕ್ಕೆ ಒಪ್ಪದೇ ಬಣ ಮಾಡೋರು ಮಾಡಲಿ. ಹಳೇ ಸಂಚಾಲಕರು ಫೋನ್ ಮಾಡಿ, ಇದೆಲ್ಲ ಸಭೆಯಲ್ಲಿ ಹೇಳಬೇಕಿತ್ತು, ಫೇಸ್‌ಬುಕ್ಕಿನಲ್ಲಿ ಯಾಕೆ ಅಂತ ಬೈಯ್ತಾರೆ ಅಂತಲೂ ಗೊತ್ತು. ಸಭೆಯಲ್ಲಿ ಎರಡು ತಾಸು ಫೋಟೋಗೆ ಹೋಯ್ತಲ್ಲಣ್ಣ, ಟೈಮ್ ಎಲ್ಲಿತ್ತು?

ನೆನ್ನೆ ಸಂಜೆ ದೊಡ್ಡವ್ವನ ಮನೆಗೆ ಹೋಗಿದ್ದೆ. ಈಗ ಕೆಲಸದಿಂದ ಬಿಡುಗಡೆ ಆಗಿದೆ, ಮಂಡಿ ನೋವು, ಮನೆಯಲ್ಲೇ ಇರ್ತಾಳೆ. ಬಾಬಾಸಾಹೇಬರು, ಮಾರಮ್ಮ ಇಬ್ಬರೂ ಗೋಡೆ ಮೇಲೆ ಹಾಗೇ ಇದ್ದಾರೆ. ಪಕ್ಕದಲ್ಲಿ ನಾನು ರಮಾಯಿ ಫೋಟೋ ಒಂದು ನೇತು ಹಾಕಿ ಬಂದೆ. ಯಾರು ಇವರು ಅಂತ ಕೇಳಿದಳು. ಧಾರವಾಡದ ಬಳೆ ಕಥೆ ಹೇಳಿದೆ. ಎಲ್ಲ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಳೆ ಬಿಡಿಸ್ಕೊಂಡ್ರಾ ಆಮ್ಯಾಲೆ?" ಅಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಸಭೆಗೆ ಬಾ ದೊಡ್ಡವ್ವ, ಆಟೋ ಕಳಿಸ್ತೀನಿ ಅಂದೆ. ಬರ್ತೀನಿ ಅಂದಿದ್ದಾಳೆ. ಮಾತಾಡು ಅಂತ ಮಾತ್ರ ಹೇಳಬಾರದಂತೆ.